ಮುಳುಗಿದ ನಾಟಕಗಳು, ತೇಲಿಬಂದ ಹಾಡುಗಳು

1953ರ ಸೆಪ್ಟೆಂಬರ್ 8, ಮಂಗಳವಾರದ ಸಂಜೆ. ನ್ಯೂಯಾರ್ಕ್ ನಗರದ ನ್ಯೂ ಸೆಂಚುರಿ ರಂಗಮಂದಿರದಲ್ಲಿ ‘ಕಾರ್ನಿವಲ್ ಇನ್ ಫ್ಲಾಂಡರ್ಸ್’ ಎಂಬ ಹೊಸ ಸಂಗೀತ ನಾಟಕದ ತೆರೆ ಮೇಲೆದ್ದಿತು. ಕಥೆ ಹದಿನೇಳನೆಯ ಶತಮಾನದ್ದು. ಸ್ಪೇನಿನ ಸೈನ್ಯ ಬರುತ್ತಿದೆಯೆಂಬ ಸುದ್ದಿ ಕೇಳಿ ಫ್ಲಾಂಡರ್ಸಿನ ಒಂದು ಪುಟ್ಟ ಊರಿನ ಗಂಡಸರೆಲ್ಲ ನಡುಗಿಹೋಗುತ್ತಾರೆ. ಊರಿನ ಮೇಯರ್ ಮಹಾಶಯನಂತೂ ತಾನು ಸತ್ತೇ ಹೋದೆನೆಂದು ನಟಿಸಿ ಮಲಗಿಬಿಡುತ್ತಾನೆ. ಆತನ ಧೀರಪತ್ನಿ ಮಾತ್ರ ಎದೆಗೆಡದೆ, ಬಂದ ಶತ್ರುಗಳನ್ನು ಔತಣ ಉಪಚಾರಗಳಿಂದಲೇ ಗೆಲ್ಲುತ್ತಾಳೆ. 1935ರ ಒಂದು ಪ್ರಸಿದ್ಧ ಫ್ರೆಂಚ್ ಚಲಚ್ಚಿತ್ರದಿಂದ ಎತ್ತಿದ ಕಥೆ ಇದು. ಹಾಡುಗಳ ಸಾಹಿತ್ಯ ಜಾನಿ ಬರ್ಕನದು, ಸಂಗೀತ ಜಿಮ್ಮಿ ವಾನ್ ಹ್ಯೂಸನನದು. ಇಬ್ಬರೂ ಬಿಂಗ್ ಕ್ರಾಸ್ಬಿಯ ಚಿತ್ರಗಳಿಗೆ ಹಾಡು ಕಟ್ಟಿ ಹೆಸರು ಮಾಡಿದವರು. ಸಂಭಾಷಣೆ ಮತ್ತು ನಿರ್ದೇಶನ ಹಾಲಿವುಡ್ಡಿನ ಹಾಸ್ಯಬ್ರಹ್ಮನೆನಿಸಿದ್ದ ಪ್ರೆಸ್ಟನ್ ಸ್ಟರ್ಜಸನದು. ಮೇಯರನ ಪತ್ನಿಯಾಗಿ ರಂಗಕ್ಕೆ ಬಂದವಳು ಇಪ್ಪತ್ತೊಂಬತ್ತು ವರ್ಷದ ಡೊಲೊರೆಸ್ ಗ್ರೇ. ಇಷ್ಟೆಲ್ಲ ಇದ್ದಮೇಲೆ ಕೊರತೆಯೇನು ಎಂದು ಯಾರಿಗಾದರೂ ತೋರಬೇಕು.

ಅದೇ ವಾರದ ಶನಿವಾರ ನಾಟಕ ನಿಂತುಹೋಯಿತು. ಒಟ್ಟು ಆರೇ ಆರು ಪ್ರದರ್ಶನಗಳು! ವರ್ಷಗಟ್ಟಲೆ ದುಡಿದು ಕಟ್ಟಿದ ಅರಮನೆ ಐದು ದಿನಗಳಲ್ಲಿ ಕುಸಿದುಬಿತ್ತು. ನಾಟಕಶಾಲೆಗೂ ಹೆಚ್ಚು ಆಯುಸ್ಸಿರಲಿಲ್ಲ. 1962ರಲ್ಲಿ ಅದೂ ನೆಲಸಮವಾಯಿತು. ಆದರೆ ವಿಧಿಯ ವಿನೋದ ನೋಡಿ: ಮರುವರ್ಷ, ಅಮೆರಿಕದ ರಂಗಭೂಮಿಯಲ್ಲಿ ಎಲ್ಲರೂ ಬಯಸುವ ಟೋನಿ ಪ್ರಶಸ್ತಿಯನ್ನು ಹಂಚುವಾಗ, ಸಂಗೀತ ನಾಟಕದ ಶ್ರೇಷ್ಠ ನಟಿಯೆಂದು ಕರೆದದ್ದು ಡೊಲೊರೆಸ್ ಗ್ರೇಯ ಹೆಸರನ್ನೇ. ಆಕೆಯನ್ನು ಆ ಪಾತ್ರದಲ್ಲಿ ಕಂಡವರು ಆರು ಪ್ರದರ್ಶನಗಳ ಪ್ರೇಕ್ಷಕರು ಮತ್ತು ಅದಕ್ಕೆ ಮುಂಚೆ ಹೊರ ಊರುಗಳಲ್ಲಿ ನೋಡಿದ ಜನ ಮಾತ್ರ.

ಪ್ರಶಸ್ತಿಯ ಜೊತೆಗೆ ಉಳಿದ ಇನ್ನೊಂದು ವಸ್ತುವೆಂದರೆ ಒಂದು ಹಾಡು, ‘ಹಿಯರ್ಸ್ ದಟ್ ರೈನಿ ಡೇ’. ನಮ್ಮಲ್ಲಿ ಮಳೆ ಬಂದರೆ ಶುಭ. ಇಂಗ್ಲಿಷಿನವರಿಗೆ ‘ಮಳೆಯ ದಿನ’ವೆಂದರೆ ಕಷ್ಟಕಾಲ, ಕೂಡಿಟ್ಟ ನಾಲ್ಕು ಕಾಸು ತೆಗೆಯಬೇಕಾದ ದಿನ. ಯಾರೋ ಹೇಳಿದಾಗ ನಕ್ಕು ಹಾರಿಸಿದ್ದ ಆ ದಿನ ಈಗ ಎದುರಿಗೇ ಬಂದು ನಿಂತಿದೆ ಎಂಬುದು ಹಾಡಿನ ಭಾವ. ಅಳುವಿಲ್ಲ, ಗೋಳಿಲ್ಲ, ಕೇವಲ ಒಂದು ನಿಟ್ಟುಸಿರು. 1959ರಲ್ಲಿ ಫ್ರಾಂಕ್ ಸಿನಾತ್ರ ಅದನ್ನು ತನ್ನ ಒಂದು ಧ್ವನಿಮುದ್ರಿಕೆಯಲ್ಲಿ ಹಾಡಿದ. ಅಲ್ಲಿಂದ ಮುಂದೆ ಅದು ಎಲ್ಲ ಗಾಯಕರ ಸೊತ್ತಾಯಿತು. ಅಮೆರಿಕದ ದೂರದರ್ಶನದಲ್ಲಿ ಮೂವತ್ತು ವರ್ಷ ರಾತ್ರಿಯ ಹರಟೆ ನಡೆಸಿದ ಜಾನಿ ಕಾರ್ಸನ್ 1992ರಲ್ಲಿ ವಿದಾಯ ಹೇಳುವ ಮುನ್ನ, ಬೆಟ್ ಮಿಡ್ಲರ್ ಎಂಬ ಗಾಯಕಿಯೊಡನೆ ಕುಳಿತಲ್ಲೇ ಗುನುಗಿದ್ದು ಇದನ್ನೇ. ಅಂದು ಕಣ್ಣೊರಸಿಕೊಂಡ ಕೋಟ್ಯಂತರ ವೀಕ್ಷಕರಲ್ಲಿ ‘ಕಾರ್ನಿವಲ್ ಇನ್ ಫ್ಲಾಂಡರ್ಸ್’ ಎಂಬ ಹೆಸರನ್ನು ಬಲ್ಲವರು ಎಷ್ಟು ಮಂದಿಯಿದ್ದಾರು?

ಹಾಡಿನ ಸಂತೆ

ಇದು ಒಂಟಿ ಉದಾಹರಣೆಯಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಬ್ರಾಡ್‌ವೇ ಎಂಬ ನಾಟಕಗಳ ಬೀದಿಯಲ್ಲಿ ಬಿದ್ದುಹೋದ ನಾಟಕಗಳ ಲೆಕ್ಕವಿಲ್ಲ. ಆ ಅವಶೇಷಗಳಿಂದ ಎದ್ದುಬಂದ ಹಾಡುಗಳೂ ಕಡಿಮೆಯಿಲ್ಲ. ಕಂಪೆನಿ ನಾಟಕಗಳ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಇದರಲ್ಲಿ ಹೊಸತೇನೂ ತೋರಲಾರದು. ನಾಟಕದ ಕಥೆ ಮರೆತು, ಪಾತ್ರಧಾರಿಯ ಮುಖ ಮರೆತು, ‘ಒನ್ಸ್ ಮೋರ್’ ಕೂಗಿಸಿಕೊಂಡ ಒಂದು ಹಾಡು ಮಾತ್ರ ಅಡಿಗೆಮನೆಯಲ್ಲೋ ಬಚ್ಚಲಲ್ಲೋ ಬದುಕಿಕೊಂಡದ್ದನ್ನು ಅವರು ಬಲ್ಲರು.

ಬ್ರಾಡ್‌ವೇಯಲ್ಲಿ ಇದಕ್ಕೆ ವ್ಯಾಪಾರದ ಕಾರಣವೂ ಇತ್ತು. ಆ ದಿನಗಳಲ್ಲಿ ಹಾಡು ನಾಟಕದ ಅಂಗವಾಗಿದ್ದುದಕ್ಕಿಂತ ಹೆಚ್ಚಾಗಿ ನಾಟಕದ ಒಡವೆಯಾಗಿತ್ತು. ಒಂದು ಕೊರಳಿನಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದಾಗಿತ್ತು. ಪೀಠಿಕೆಯಾಗಿ ನಾಲ್ಕು ಮಾತು, ಅನಂತರ ಮೂವತ್ತೆರಡು ಆವರ್ತಗಳ ಮುಖ್ಯಭಾಗ, ಇದು ವಾಡಿಕೆಯ ಅಚ್ಚು. ಹಾಡು ಹೇಳುವವಳು ರಾಣಿಯೋ ದರ್ಜಿಯ ಮಗಳೋ ಎಂಬುದು ಆ ಮೂವತ್ತೆರಡು ಆವರ್ತಗಳಿಂದ ತಿಳಿಯುತ್ತಿರಲಿಲ್ಲ, ತಿಳಿಯಲೂಬಾರದು! ಏಕೆಂದರೆ ಪ್ರಕಾಶಕರು ಅದೇ ಹಾಡಿನ ಸ್ವರಲಿಪಿಯನ್ನು ಹಾಳೆಗಳಲ್ಲಿ ಅಚ್ಚು ಹಾಕಿಸಿ ಮನೆಮನೆಯ ಪಿಯಾನೋಗಳಿಗೆ ಮಾರಬೇಕು, ಕುಣಿತದ ಮೇಳಗಳು ಅದನ್ನು ಹೋಟೆಲುಗಳಲ್ಲಿ ನುಡಿಸಬೇಕು, ರೇಡಿಯೋ ಅದನ್ನು ಹಳ್ಳಿಗೆ ಮುಟ್ಟಿಸಬೇಕು. ನಾಟಕವೆಂಬುದು ಹಾಡಿನ ಸಂತೆಗೆ ಹಾಕಿದ ಚಪ್ಪರ. ಚಪ್ಪರ ಬಿದ್ದರೂ ಸರಕು ಉಳಿಯುವ ಸಂಭವವಿತ್ತು.

ಸಂಭವವಿತ್ತು ಎಂದಷ್ಟೇ ಹೇಳಬೇಕು. ಉಳಿದದ್ದರ ಸುದ್ದಿ ನಮಗೆ ಗೊತ್ತಾಗುತ್ತದೆ; ಮಡಿದದ್ದರ ಸುದ್ದಿ ಹೇಳುವವರಿಲ್ಲ. ಯಾವ ಹಾಡು ಉಳಿಯುವುದೆಂಬುದನ್ನು ಮೊದಲ ರಾತ್ರಿಯ ಪ್ರೇಕ್ಷಕರಾಗಲಿ, ಮರುದಿನದ ಪತ್ರಿಕಾ ವಿಮರ್ಶಕರಾಗಲಿ ಗುರುತಿಸಿದ ನಿದರ್ಶನಗಳು ವಿರಳ. 1932ರ ‘ವಾಕ್ ಎ ಲಿಟ್ಲ್ ಫಾಸ್ಟರ್’ ಎಂಬ ವಿನೋದಾವಳಿಯಲ್ಲಿ ವರ್ನನ್ ಡ್ಯೂಕನ ‘ಏಪ್ರಿಲ್ ಇನ್ ಪ್ಯಾರಿಸ್’ ಹಾಡಬೇಕಾಗಿದ್ದ ಎವೆಲಿನ್ ಹೋಯಿಗೆ ಮೊದಲ ರಾತ್ರಿಯೇ ಗಂಟಲು ಕಟ್ಟಿತ್ತು. ವಿಮರ್ಶಕರು ಹಾಡನ್ನು ಗಮನಿಸಲೇ ಇಲ್ಲ. ಇಂದು ಪ್ಯಾರಿಸ್ ನಗರವನ್ನು ಕಾಣದವರಿಗೂ ಆ ಹಾಡು ಗೊತ್ತು. ಅಂದಹಾಗೆ, ಅದನ್ನು ಬರೆಯುವಾಗ ಕವಿ ಹಾರ್ಬರ್ಗ್ ಕೂಡ ಪ್ಯಾರಿಸನ್ನು ಕಂಡಿರಲಿಲ್ಲ!

ಕತ್ತರಿಸಿದ ಕೂದಲು ಉಳಿಸಿದ ಹಾಡು

ಆದರೆ ಅದೃಷ್ಟದ ಆಟವನ್ನು ಪೂರ್ತಿಯಾಗಿ ನೋಡಬೇಕಾದರೆ ‘ಎವ್ರಿಬಡೀಸ್ ವೆಲ್ಕಮ್’ ನಾಟಕಕ್ಕೆ ಬರಬೇಕು. ಅದು 1931ರ ಅಕ್ಟೋಬರಿನಲ್ಲಿ ರಂಗಕ್ಕೆ ಬಂದು 139 ಪ್ರದರ್ಶನಗಳನ್ನು ಕಂಡಿತು. ಸೋಲೆಂದು ಖಂಡಿತವಾಗಿ ಹೇಳುವಂತಿಲ್ಲ, ಗೆಲುವಂತೂ ಅಲ್ಲ. ಹಾಡುಗಳಲ್ಲಿ ಬಹುಪಾಲು ಸ್ಯಾಮಿ ಫೇನ್ ಮತ್ತು ಇರ್ವಿಂಗ್ ಕಹಾಲ್ ಎಂಬ ಜೋಡಿಯವು. ಇಂದು ಅವುಗಳಲ್ಲಿ ಒಂದನ್ನೂ ಯಾರೂ ಹಾಡುವುದಿಲ್ಲ. ನಡುವೆ ಹೊರಗಿನಿಂದ ತಂದು ಸೇರಿಸಿದ್ದ ಒಂದು ಹಾಡು ‘ಆ್ಯಸ್ ಟೈಮ್ ಗೋಸ್ ಬೈ’. ಸಾಹಿತ್ಯ, ಸಂಗೀತ ಎರಡೂ ಹರ್ಮನ್ ಹಪ್‌ಫೆಲ್ಡನವು. ನ್ಯೂ ಜರ್ಸಿಯ ಮಾಂಟ್‌ಕ್ಲೇರ್ ಎಂಬ ಊರಿನಲ್ಲಿ ಹುಟ್ಟಿ, ಬಾಳಿ, 1951ರಲ್ಲಿ ಅಲ್ಲಿಯೇ ತೀರಿಕೊಂಡ ಸಂಕೋಚದ ಮನುಷ್ಯ ಆತ. ಹಾಡಿನ ಪೀಠಿಕೆಯಲ್ಲಿ ಐನ್‌ಸ್ಟೈನನ ಸಿದ್ಧಾಂತ, ನಾಲ್ಕನೆಯ ಆಯಾಮ ಮುಂತಾದ ಆ ಕಾಲದ ಬೆರಗುಗಳ ಮಾತಿದೆ. ಲೋಕ ಎಷ್ಟು ವೇಗವಾಗಿ ಓಡಿದರೂ ಪ್ರೇಮದ ಹಳೆಯ ನಿಯಮಗಳು ಬದಲಾಗವು ಎಂಬುದು ಮುಂದಿನ ಭಾಗ. ಪೀಠಿಕೆಯನ್ನು ಈಗ ಬಹುತೇಕರು ಬಿಟ್ಟೇ ಹಾಡುತ್ತಾರೆ. ರೂಡಿ ವ್ಯಾಲಿ ಎಂಬ ಜನಪ್ರಿಯ ಗಾಯಕ ಅದೇ ವರ್ಷ ಹಾಡನ್ನು ಗ್ರಾಮಫೋನ್ ತಟ್ಟೆಗೆ ಕೊಟ್ಟ. ಸ್ವಲ್ಪ ಕಾಲ ಓಡಿ ಮರೆಯಾಯಿತು.

ಆ ಹಾಡಿಗೆ ಮನಸೋತವರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮರ್ರೆ ಬರ್ನೆಟ್ ಒಬ್ಬ. ಮುಂದೆ ಆತ ನ್ಯೂಯಾರ್ಕಿನಲ್ಲಿ ಶಾಲಾ ಉಪಾಧ್ಯಾಯನಾದ. 1938ರಲ್ಲಿ ಯೂರೋಪಿಗೆ ಹೋಗಿ ವಿಯೆನ್ನಾದಲ್ಲಿ ಯೆಹೂದ್ಯರ ಪಾಡನ್ನು ಕಣ್ಣಾರೆ ಕಂಡುಬಂದು, ಜೋನ್ ಆ್ಯಲಿಸನ್ ಎಂಬಾಕೆಯೊಡನೆ ಒಂದು ನಾಟಕ ಬರೆದ. ಅದರಲ್ಲಿ ನಾಯಕನ ಹಳೆಯ ಪ್ರೇಮವನ್ನು ಕೆದಕುವ ಹಾಡು ಬೇಕಾದಾಗ ಆತನಿಗೆ ನೆನಪಾದದ್ದು ಕಾಲೇಜಿನ ದಿನಗಳ ಆ ಹಾಡೇ. ನಾಟಕವನ್ನು ರಂಗಕ್ಕೆ ತರುವವರು ಸಿಕ್ಕಲಿಲ್ಲ. ವಾರ್ನರ್ ಸಹೋದರರು 20,000 ಡಾಲರಿಗೆ ಕೊಂಡು ಚಲಚ್ಚಿತ್ರ ಮಾಡಿದರು. ಅದೇ ‘ಕ್ಯಾಸಾಬ್ಲಾಂಕಾ’.

ಅಲ್ಲಿಯೂ ಗಂಡಾಂತರ ತಪ್ಪಲಿಲ್ಲ. ಚಿತ್ರದ ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರನಿಗೆ ಹಪ್‌ಫೆಲ್ಡನ ಹಾಡು ಹಿಡಿಸಲಿಲ್ಲ; ಅದನ್ನು ತೆಗೆದು ತನ್ನದೇ ಒಂದನ್ನು ಹಾಕಬೇಕೆಂದು ಹಟ ಹಿಡಿದ. ಹಾಗೆ ಮಾಡಬೇಕಾದರೆ ನಾಯಕಿ ಇಂಗ್ರಿಡ್ ಬರ್ಗ್‌ಮನ್ ಹಾಡಿನ ಹೆಸರು ಹೇಳುವ ದೃಶ್ಯಗಳನ್ನು ಪುನಃ ತೆಗೆಯಬೇಕು. ಅಷ್ಟರಲ್ಲಿ ಆಕೆ ಮುಂದಿನ ಚಿತ್ರಕ್ಕಾಗಿ ತನ್ನ ತಲೆಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಾಗಿತ್ತು! ದೃಶ್ಯಗಳು ಹಾಗೆಯೇ ಉಳಿದವು, ಹಾಡೂ ಉಳಿಯಿತು. ತೆರೆಯ ಮೇಲೆ ಪಿಯಾನೋ ಮುಂದೆ ಕುಳಿತು ಅದನ್ನು ಹಾಡಿದ ಡೂಲಿ ವಿಲ್ಸನನಿಗೆ ಪಿಯಾನೋ ನುಡಿಸಲು ಬರುತ್ತಿರಲಿಲ್ಲ; ಆತ ಡ್ರಮ್ ಬಾರಿಸುವವನು. ನುಡಿಸಿದ್ದು ಎಲಿಯಟ್ ಕಾರ್ಪೆಂಟರ್.

ಚಿತ್ರ ಬಂದಾಗ ಮತ್ತೊಂದು ಸೋಜಿಗ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಸಂಘ ಧ್ವನಿಮುದ್ರಣವನ್ನು ಬಹಿಷ್ಕರಿಸಿತ್ತು. ಜನ ಹಾಡನ್ನು ಕೇಳುತ್ತಿದ್ದಾರೆ, ಹೊಸ ತಟ್ಟೆ ಮಾಡುವಂತಿಲ್ಲ. ಕಂಪೆನಿಯವರು ಹಳೆಯ ಉಗ್ರಾಣ ಜಾಲಾಡಿ, ರೂಡಿ ವ್ಯಾಲಿ ಹನ್ನೆರಡು ವರ್ಷಗಳ ಹಿಂದೆ ಹಾಡಿದ್ದ ತಟ್ಟೆಯನ್ನೇ ಹೊರತಂದರು. 1943ರಲ್ಲಿ ಅದು ಅಮೆರಿಕದ ಮನೆಮಾತಾಯಿತು. ‘ಎವ್ರಿಬಡೀಸ್ ವೆಲ್ಕಮ್’ ಎಂಬುದೊಂದು ನಾಟಕವಿತ್ತೆಂಬುದು ಇಂದು ಉಳಿದಿರುವುದು ಈ ಹಾಡಿನ ಅಡಿಟಿಪ್ಪಣಿಯಾಗಿ.

ಅಗಲಿಕೆಯ ಹಾಡು

ಆ ನಾಟಕದಲ್ಲಿ ಹೊರಗಿನ ಹಾಡಿನಿಂದ ಮಂಕಾಗಿಹೋದ ಫೇನ್ ಮತ್ತು ಕಹಾಲರ ಮೇಲೆ ವಿಧಿಗೂ ಕನಿಕರ ಬಂದಿರಬೇಕು. ಆದರೆ ಬಂದ ರೀತಿ ಕ್ರೂರವಾದದ್ದು. 1938ರ ಜನವರಿಯಲ್ಲಿ ‘ರೈಟ್ ದಿಸ್ ವೇ’ ಎಂಬ ಸಂಗೀತ ನಾಟಕ ತೆರೆಕಂಡು 15 ಪ್ರದರ್ಶನಗಳಲ್ಲಿ ಮಣ್ಣುಗೂಡಿತು. ಅದಕ್ಕಾಗಿ ಇವರು ಕೊಟ್ಟಿದ್ದ ಹಾಡುಗಳಲ್ಲಿ ಒಂದು ‘ಐಲ್ ಬಿ ಸೀಯಿಂಗ್ ಯೂ’. ಹಾಡಿದವಳು ರಂಗಭೂಮಿಯ ಮೇಲೆ ತಮಾರಾ ಎಂಬ ಒಂದೇ ಹೆಸರಿನಿಂದ ಪ್ರಸಿದ್ಧಳಾಗಿದ್ದ ತಮಾರಾ ಡ್ರಾಸಿನ್. 1933ರಲ್ಲಿ ‘ರಾಬರ್ಟಾ’ ನಾಟಕದಲ್ಲಿ ‘ಸ್ಮೋಕ್ ಗೆಟ್ಸ್ ಇನ್ ಯುವರ್ ಐಸ್’ ಹಾಡನ್ನು ಲೋಕಕ್ಕೆ ಕೊಟ್ಟವಳು ಈಕೆಯೇ. ಒಬ್ಬಳೇ ಗಾಯಕಿ, ಅದೇ ಕಂಠ; ಒಂದು ಹಾಡು ಕೂಡಲೇ ಊರೂರು ಸುತ್ತಿತು, ಇನ್ನೊಂದು ಹದಿನೈದು ಪ್ರದರ್ಶನಗಳೊಡನೆ ಮುಚ್ಚಿಹೋಯಿತು.

ಹಾಡಿನಲ್ಲಿ ಯುದ್ಧದ ಹೆಸರೇ ಇಲ್ಲ. ಅಗಲಿದ ಪ್ರಿಯರನ್ನು, ಜೊತೆಗೆ ತಿರುಗಾಡಿದ ಬೀದಿಯಲ್ಲಿ, ಕುಳಿತ ಕಾಫಿಯಂಗಡಿಯಲ್ಲಿ, ದಿನನಿತ್ಯದ ಸಾಮಾನ್ಯ ವಸ್ತುಗಳಲ್ಲಿ ಕಾಣುತ್ತಲೇ ಇರುವೆನೆಂಬ ಸರಳವಾದ ಮಾತು. ಅದನ್ನು ಬರೆದಾಗ ಮಹಾಯುದ್ಧ ಇನ್ನೂ ಆರಂಭವಾಗಿರಲಿಲ್ಲ. ಆದರೆ ಗಂಡಂದಿರೂ ಮಕ್ಕಳೂ ಸಮುದ್ರದಾಚೆಗೆ ಹೋದಮೇಲೆ ಆ ಮಾತಿಗೆ ಬೇರೆಯೇ ಅರ್ಥ ಹುಟ್ಟಿತು. 1944ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ. ಬಿಲ್ಲಿ ಹಾಲಿಡೇ ಹಾಡಿದಳು. ಅದರ ಹೆಸರಿನಲ್ಲೇ ಒಂದು ಚಲಚ್ಚಿತ್ರವೂ ಸಿದ್ಧವಾಯಿತು. ಬಂದರಿನಲ್ಲಿ, ರೈಲು ನಿಲ್ದಾಣದಲ್ಲಿ, ಕಾಗದ ಬಾರದ ಮನೆಗಳಲ್ಲಿ ಅದು ಆ ವರ್ಷದ ಹಾಡಾಯಿತು.

ಸಾಹಿತ್ಯ ಬರೆದ ಇರ್ವಿಂಗ್ ಕಹಾಲ್ ಅದನ್ನು ಕೇಳಲಿಲ್ಲ. 1942ರ ಫೆಬ್ರುವರಿಯಲ್ಲಿಯೇ ಆತ ತೀರಿಕೊಂಡಿದ್ದ. ತಮಾರಾ ಕೂಡ ಕೇಳಲಿಲ್ಲ. ಸೈನಿಕರ ಮನರಂಜನೆಗಾಗಿ ಯೂರೋಪಿಗೆ ಹೊರಟಿದ್ದ ಕಲಾವಿದರ ತಂಡದೊಡನೆ ಆಕೆ ಏರಿದ್ದ ‘ಯಾಂಕೀ ಕ್ಲಿಪ್ಪರ್’ ವಿಮಾನ 1943ರ ಫೆಬ್ರುವರಿ 22ರಂದು ಲಿಸ್ಬನ್ನಿನ ಬಳಿ ಟೇಗಸ್ ನದಿಯ ನೀರಿಗೆ ಬಿದ್ದು ಒಡೆಯಿತು. ಸತ್ತ 24 ಮಂದಿಯಲ್ಲಿ ಆಕೆಯೂ ಒಬ್ಬಳು. ಇಡೀ ಲೋಕದ ಅಗಲಿಕೆಗೆ ದನಿಯಾದ ಆ ಹಾಡನ್ನು ಮೊದಲು ಹಾಡಿದವಳು, ಅದಕ್ಕೆ ಮಾತು ಕೊಟ್ಟವನು, ಇಬ್ಬರೂ ಅದು ಸೋತ ಹಾಡೆಂದೇ ತಿಳಿದು ಹೋದರು.

ವಿನ್ಸೆಂಟ್ ಯೂಮನ್ಸನ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬಹುದು. ತಾನೇ ಸಂಗೀತ ಕೊಟ್ಟು, ತಾನೇ ಬಂಡವಾಳ ಹೂಡಿ ಆತ ಕಟ್ಟಿದ ‘ಗ್ರೇಟ್ ಡೇ’ ರಂಗಕ್ಕೆ ಬಂದದ್ದು 1929ರ ಅಕ್ಟೋಬರ್ 17ರಂದು. ಹನ್ನೆರಡು ದಿನಗಳಲ್ಲಿ ವಾಲ್ ಸ್ಟ್ರೀಟಿನ ಷೇರುಪೇಟೆ ಕುಸಿಯಿತು. ನಾಟಕ 36 ಪ್ರದರ್ಶನಗಳಿಗೆ ನಿಂತಿತು. ಅದರಿಂದ ಬದುಕಿದ ಹಾಡುಗಳಲ್ಲಿ ಎರಡು, ‘ಮೋರ್ ದ್ಯಾನ್ ಯೂ ನೋ’ ಮತ್ತು ‘ವಿದೌಟ್ ಎ ಸಾಂಗ್’. ಎರಡನೆಯದರ ಮಾತುಗಳನ್ನು ಎಲ್ವಿಸ್ ಪ್ರೆಸ್ಲಿ 1971ರಲ್ಲಿ ಒಂದು ಸನ್ಮಾನಕ್ಕೆ ಉತ್ತರವಾಗಿ ಸ್ಮರಿಸಿದ. ಮೊದಲನೆಯದನ್ನು ರಂಗದ ಮೇಲೆ ಹಾಡಿದ್ದ ಮೇಯೋ ಮೆಥಾಟ್ ಮುಂದೆ ಹಂಫ್ರಿ ಬೋಗಾರ್ಟನನ್ನು ಮದುವೆಯಾದಳು. ಆತ ‘ಕ್ಯಾಸಾಬ್ಲಾಂಕಾ’ದಲ್ಲಿ ಆ ಇನ್ನೊಂದು ಹಾಡನ್ನು ಕೇಳಿ ಹುಬ್ಬು ಗಂಟಿಕ್ಕುತ್ತಿದ್ದಾಗ ಮನೆಯಲ್ಲಿದ್ದ ಹೆಂಡತಿ ಈಕೆಯೇ. ಯೂಮನ್ಸನ ಕೊನೆಯ ವರ್ಷಗಳನ್ನು ಕ್ಷಯರೋಗ ತಿಂದಿತು. 1946ರಲ್ಲಿ ಆತ ತೀರಿಕೊಂಡ.

ಶ್ರುತಿ ಬದಲಿಸುವ ಹಾಡು

ದುರ್ಬಲವಾದ ನಾಟಕವೆಂದಮಾತ್ರಕ್ಕೆ ಅದರ ಸಂಗೀತವೂ ದುರ್ಬಲವೆಂದು ತಿಳಿಯುವುದು ಅನ್ಯಾಯ. ಕೆಲವೆಡೆ ಉಳಿದ ಹಾಡುಗಳು ನಿಜವಾಗಿಯೂ ಜೊಳ್ಳು. ಕೆಲವೆಡೆ ಕಥೆಯೇ ಮುಗ್ಗರಿಸಿ ಒಳ್ಳೆಯ ಹಾಡುಗಳನ್ನೂ ತನ್ನೊಡನೆ ಎಳೆದುಕೊಂಡು ಬಿದ್ದಿದೆ. ಜೆರೋಮ್ ಕರ್ನ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನರ ‘ವೆರಿ ವಾರ್ಮ್ ಫಾರ್ ಮೇ’ ಎರಡನೆಯ ವರ್ಗಕ್ಕೆ ಸೇರಿದ್ದು. 1927ರಲ್ಲಿ ‘ಷೋ ಬೋಟ್’ ಕೊಟ್ಟು ಅಮೆರಿಕದ ಸಂಗೀತ ನಾಟಕಕ್ಕೆ ಹೊಸ ದಾರಿ ತೋರಿದ ಜೋಡಿ ಇವರು. ಈ ನಾಟಕದ ಮೂಲ ಕಥೆಯಲ್ಲಿ, ಮೇ ಎಂಬ ಹುಡುಗಿ ಗೂಂಡಾಗಳಿಂದ ತಪ್ಪಿಸಿಕೊಂಡು ಹಳ್ಳಿಯ ಒಂದು ನಾಟಕ ತಂಡದಲ್ಲಿ ಅಡಗಿಕೊಳ್ಳುತ್ತಾಳೆ. ನಿರ್ಮಾಪಕ ಮ್ಯಾಕ್ಸ್ ಗಾರ್ಡನ್ನನಿಗೆ ಗೂಂಡಾಗಳು ಬೇಡವಾದರು. ಗೂಂಡಾಗಳನ್ನು ತೆಗೆದಮೇಲೆ ಹುಡುಗಿ ಓಡಿಹೋಗಲು ಕಾರಣವೇ ಉಳಿಯಲಿಲ್ಲ! 1939ರ ನವೆಂಬರ್ 17ರಂದು ತೆರೆ ಎದ್ದಿತು. ವಿಮರ್ಶಕರು ಕಥೆಯನ್ನು ಹರಿದುಹಾಕಿದರು. 59 ಪ್ರದರ್ಶನಗಳಿಗೆ ಎಲ್ಲವೂ ಮುಗಿಯಿತು. ‘ಆಲ್ ಇನ್ ಫನ್’ ಮೊದಲಾದ ಸೊಗಸಾದ ಹಾಡುಗಳೂ ಅದರಲ್ಲಿದ್ದವು. ಅವನ್ನು ಇಂದು ಬಲ್ಲವರು ಕೆಲವೇ ರಸಿಕರು.

ಬದುಕಿದ್ದು ‘ಆಲ್ ದಿ ಥಿಂಗ್ಸ್ ಯೂ ಆರ್’. ಇದು ಸಾಮಾನ್ಯರಿಗೆ ಅತಿ ಕ್ಲಿಷ್ಟವಾದೀತೆಂದು ಕರ್ನನೇ ಅಂಜಿದ್ದನಂತೆ. ಅಂಜಿಕೆಗೆ ಕಾರಣವಿತ್ತು. ನಮ್ಮ ಕಛೇರಿಯಲ್ಲಿ ತಂಬೂರಿ ಮೀಟಿದ ಶ್ರುತಿ ಮಂಗಳದವರೆಗೂ ಕದಲುವುದಿಲ್ಲ; ಪಾಶ್ಚಾತ್ಯ ಸಂಗೀತದಲ್ಲಿ ಹಾಡಿನ ನಡುವೆ ಆಧಾರಷಡ್ಜವೇ ಜಾಗ ಬದಲಿಸಬಹುದು. ಈ ಹಾಡಿನಲ್ಲಿ ಅದು ಒಂದು ಸಲವಲ್ಲ, ಮತ್ತೆ ಮತ್ತೆ ಜರುಗುತ್ತದೆ, ಐದು ನೆಲೆಗಳನ್ನು ಮುಟ್ಟುತ್ತದೆ. ನಮ್ಮ ವಿದ್ವಾಂಸರು ಗ್ರಹಭೇದ ಮಾಡಿದಾಗ ಕೇಳುಗನಿಗೆ ಕ್ಷಣಕಾಲ ಕಾಲಡಿಯ ನೆಲ ಸರಿದಂತಾಗುವುದಲ್ಲ, ಅಂಥ ಅನುಭವ ಎನ್ನಬಹುದು. ಹಾಡಿನ ಮಧ್ಯಭಾಗ ಮುಗಿಯುವಲ್ಲಿ ಒಂದು ಸ್ವರ ದೀರ್ಘವಾಗಿ ನಿಲ್ಲುತ್ತದೆ. ಸ್ವರ ಅದೇ, ಗಾಯಕಿಯ ಕಂಠ ಕದಲಿಲ್ಲ. ಆದರೆ ಕೆಳಗೆ ವಾದ್ಯಗಳು ನೆಲೆ ಬದಲಿಸುತ್ತವೆ, ಅದೇ ಸ್ವರ ಬೇರೊಂದು ಹೆಸರು ತೊಟ್ಟು ಹಾಡನ್ನು ಮೊದಲಿನ ಪಲ್ಲವಿಗೆ ತಲುಪಿಸುತ್ತದೆ. ಅಚ್ಚಿನ ಪ್ರಕಾರ ಮೂವತ್ತೆರಡು ಆವರ್ತಗಳಿರಬೇಕಾದಲ್ಲಿ ಇಲ್ಲಿ 36 ಇವೆ. ಇಷ್ಟು ಚಮತ್ಕಾರವಿದ್ದೂ ಕೇಳುವವನಿಗೆ ಎಲ್ಲಿಯೂ ಗಣಿತ ಮಾಡಿದಂತೆ ತೋರುವುದಿಲ್ಲ.

ಜನ ಅಂಜಲಿಲ್ಲ. 1940ರಲ್ಲಿ ಟಾಮಿ ಡಾರ್ಸಿಯ ಮೇಳ ಅದನ್ನು ಜನಪ್ರಿಯತೆಯ ತುದಿಗೇರಿಸಿತು. ಆಮೇಲೆ ಜಾಝ್ ವಾದಕರು ಅದರ ಮೇಲೆ ಮುಗಿಬಿದ್ದರು. 1945ರಲ್ಲಿ ಡಿಝಿ ಗಿಲೆಸ್ಪಿ ಮತ್ತು ಚಾರ್ಲಿ ಪಾರ್ಕರ್ ನುಡಿಸಿದ ಮುದ್ರಿಕೆಯಿಂದ ಮೊದಲುಗೊಂಡು ಇಂದಿನವರೆಗೂ, ಮನೋಧರ್ಮ ಕಲಿಯುವ ವಾದಕ ಈ ಹಾಡನ್ನು ದಾಟದೆ ಮುಂದೆ ಹೋಗುವಂತಿಲ್ಲ. 1944ರಲ್ಲಿ ಹಾಲಿವುಡ್ಡಿನವರು ‘ವೆರಿ ವಾರ್ಮ್ ಫಾರ್ ಮೇ’ಯನ್ನು ಆಧರಿಸಿದ ಚಿತ್ರವೆಂದು ‘ಬ್ರಾಡ್‌ವೇ ರಿದಂ’ ತೆಗೆದರು. ಹೆಸರು ಹೋಗಿತ್ತು, ಕಥೆ ಹೋಗಿತ್ತು, ಮೂಲದ ಹಾಡುಗಳಲ್ಲಿ ಉಳಿದದ್ದು ಇದೊಂದೇ.

ಕರ್ನ್ ಮತ್ತೆ ಬ್ರಾಡ್‌ವೇಗೆ ಹೊಸ ನಾಟಕ ಕೊಡಲಿಲ್ಲ, 1945ರಲ್ಲಿ ತೀರಿಕೊಂಡ. ಸಾಲುಸಾಲಾಗಿ ಸೋಲುಂಡ ಹ್ಯಾಮರ್‌ಸ್ಟೈನನನ್ನು ಮುಗಿದ ಮನುಷ್ಯನೆಂದು ಪೇಟೆಯವರು ಬರೆದಿಟ್ಟಿದ್ದರು. 1943ರಲ್ಲಿ ರಿಚರ್ಡ್ ರಾಜರ್ಸನೊಡನೆ ಆತ ಕೊಟ್ಟ ‘ಓಕ್ಲಹೋಮಾ!’ ವರ್ಷಗಟ್ಟಲೆ ಓಡಿದಾಗ ‘ವೆರೈಟಿ’ ಎಂಬ ವೃತ್ತಿಪತ್ರಿಕೆಯಲ್ಲಿ ಆತ ಒಂದು ಜಾಹೀರಾತು ಹಾಕಿಸಿದ. ಅದರಲ್ಲಿ ಗೆಲುವಿನ ಸುದ್ದಿಯೇ ಇರಲಿಲ್ಲ. ತನ್ನ ಬಿದ್ದುಹೋದ ನಾಟಕಗಳ ಪಟ್ಟಿ, ಒಂದೊಂದು ಎಷ್ಟೆಷ್ಟು ವಾರ ನಡೆಯಿತೆಂಬ ಲೆಕ್ಕ, ಕೊನೆಗೆ ಹಿಂದೆ ಸೋತವನು ಪುನಃ ಸೋಲಬಲ್ಲೆನೆಂಬ ವಿನೋದದ ಮಾತು. ಪಟ್ಟಿಯಲ್ಲಿ ‘ವೆರಿ ವಾರ್ಮ್ ಫಾರ್ ಮೇ’ಗೂ ಜಾಗವಿತ್ತು.

‘ಓಕ್ಲಹೋಮಾ!’ ಬಂದಮೇಲೆ ಬ್ರಾಡ್‌ವೇಯ ರೀತಿಯೇ ಬದಲಾಯಿತೆಂಬುದು ಗಮನಿಸತಕ್ಕ ವಿಷಯ. ಹಾಡು ಒಡವೆಯಾಗಿ ಉಳಿಯದೆ ಅಂಗವಾಯಿತು. ಪಾತ್ರ, ಸನ್ನಿವೇಶ, ಹಿಂದಿನ ಮಾತು ಇವಿಲ್ಲದೆ ನಿಲ್ಲದಂತಾಯಿತು. ನಾಟಕಕ್ಕೆ ಇದರಿಂದ ಲಾಭವೇ ಸರಿ. ಆದರೆ ಹಡಗು ಒಡೆದಾಗ ತೇಲಿಬರುವ ಹಾಡುಗಳು ಅಪರೂಪವಾದವು.

ಖಳನಾಯಕನ ಸೆಪ್ಟೆಂಬರ್

ಅಂಗವಾಗಿದ್ದೂ ಬಿಡಿಯಾಗಿ ನಿಂತ ಹಾಡು ಬೇಕಾದರೆ ‘ಸೆಪ್ಟೆಂಬರ್ ಸಾಂಗ್’ ಇದೆ. ನಾಜಿಗಳಿಗೆ ಹೆದರಿ ಜರ್ಮನಿ ಬಿಟ್ಟುಬಂದ ಕುರ್ಟ್ ವೈಲ್ ಸಂಗೀತ ಕೊಟ್ಟು, ಮ್ಯಾಕ್ಸ್‌ವೆಲ್ ಆ್ಯಂಡರ್ಸನ್ ಬರೆದ ‘ನಿಕರ್‌ಬಾಕರ್ ಹಾಲಿಡೇ’ 1938ರ ಅಕ್ಟೋಬರಿನಲ್ಲಿ ಬಂದು 168 ಪ್ರದರ್ಶನಗಳನ್ನು ಕಂಡಿತು. ರೂಸ್‌ವೆಲ್ಟರ ಸರಕಾರವನ್ನು ಕುಟುಕುವ ರಾಜಕೀಯ ವಿಡಂಬನೆ ಅದು. ಆ ರಾಜಕೀಯದೊಡನೆ ಅದೂ ಹಳೆಯದಾಯಿತು. ಹದಿನೇಳನೆಯ ಶತಮಾನದ ನ್ಯೂ ಆ್ಯಮ್‌ಸ್ಟರ್‌ಡ್ಯಾಮಿಗೆ ಗವರ್ನರಾಗಿ ಬಂದ ಒಂಟಿಕಾಲಿನ ನಿರಂಕುಶ ಪ್ರಭು ಸ್ಟೈವೆಸೆಂಟನ ಪಾತ್ರವನ್ನು ವಾಲ್ಟರ್ ಹಸ್ಟನ್ ವಹಿಸಿದ್ದ. ತನಗೂ ಒಂದು ಹಾಡು ಬೇಕೆಂದು ಆತ ಕೇಳಿದಾಗ, ಕಂಠದ ವ್ಯಾಪ್ತಿ ಎಷ್ಟೆಂದು ವೈಲ್ ತಂತಿ ಕೊಟ್ಟು ವಿಚಾರಿಸಿದನಂತೆ. ವ್ಯಾಪ್ತಿಯೇ ಇಲ್ಲವೆಂದು ಉತ್ತರ ಬಂತು. ಬೇಕಿದ್ದರೆ ರೇಡಿಯೋದಲ್ಲಿ ಹಾಡುವೆನು, ಕೇಳಿಕೊಳ್ಳಿ ಎಂದನಂತೆ. ಕೇಳಿದ ವೈಲ್ ಆ ಒರಟು ದನಿಗೆಂದೇ ಅಳತೆ ತೆಗೆದು ಹಾಡು ಹೊಲಿದ. ಮುದುಕನೊಬ್ಬ ಹರೆಯದ ಹುಡುಗಿಗೆ, ತನ್ನ ವರ್ಷ ಸೆಪ್ಟೆಂಬರಿಗೆ ಬಂದಿದೆ, ಕಾಯಲು ಸಮಯವಿಲ್ಲ ಎಂದು ಹೇಳುವ ಹಾಡು. ಖಳನಾಗಬೇಕಾದವನು ಅಷ್ಟು ಹೊತ್ತು ಎಲ್ಲರ ಅನುಕಂಪ ಕದ್ದುಬಿಟ್ಟ. ವಿಡಂಬನೆಯ ಮೊನೆ ಅಲ್ಲಿಯೇ ಮೊಂಡಾಯಿತು. ಹಾಡೇ ನಾಟಕವನ್ನು ಸೋಲಿಸಿತೆಂದರೂ ತಪ್ಪಲ್ಲ.

1950ರ ಏಪ್ರಿಲ್ 3ರಂದು ವೈಲ್ ತೀರಿಕೊಂಡ. ನಾಲ್ಕು ದಿನಗಳ ಅನಂತರ, ಏಪ್ರಿಲ್ 7ರಂದು, ಹಸ್ಟನ್ ತೀರಿಕೊಂಡ. ಆ ಬಳಿಕ ಬಿಡುಗಡೆಯಾದ ‘ಸೆಪ್ಟೆಂಬರ್ ಅಫೇರ್’ ಚಲಚ್ಚಿತ್ರದಲ್ಲಿ ಹಸ್ಟನನ ಹಳೆಯ ಧ್ವನಿಮುದ್ರಿಕೆಯನ್ನು ಬಳಸಿಕೊಂಡಿದ್ದರು. ಹಾಡಿನ ದೊಡ್ಡ ಕೀರ್ತಿ ಬಂದದ್ದು ಆಗ.

ಕುರುಡು ಹಕ್ಕಿಯ ಕಥೆ

ಹಾಡೊಂದು ತನ್ನ ಮುಳುಗಿದ ನಾಟಕವನ್ನು ಹಿಂದಿರುಗಿ ಬಂದು ಮೇಲೆತ್ತಿದ ಪ್ರಸಂಗವೂ ಇದೆ. 1976ರಲ್ಲಿ ಪ್ರಬಲ ನಿರ್ಮಾಪಕ ಡೇವಿಡ್ ಮೆರಿಕ್ ‘ದಿ ಬೇಕರ್ಸ್ ವೈಫ್’ ಎಂಬ ನಾಟಕವನ್ನು ಲಾಸ್ ಏಂಜಲೀಸಿನಿಂದ ಹೊರಡಿಸಿದ. ಹಳ್ಳಿಯ ಮುದಿ ರೊಟ್ಟಿಗಾರನನ್ನು ಬಿಟ್ಟು ಅವನ ಎಳೆಯ ಹೆಂಡತಿ ಒಬ್ಬ ಯುವಕನೊಡನೆ ಓಡಿಹೋಗುವಳು, ದುಃಖದಿಂದ ಆತ ರೊಟ್ಟಿ ಸುಡುವುದನ್ನೇ ನಿಲ್ಲಿಸುವನು, ಊರೆಲ್ಲ ಉಪವಾಸ. ಸಂಗೀತ ಸ್ಟೀಫನ್ ಷ್ವಾರ್ಟ್ಸನದು. ಆರು ತಿಂಗಳು ಊರೂರು ಸುತ್ತಿ, ನಾಯಕ ಬದಲಾಗಿ, ನಾಯಕಿ ಬದಲಾಗಿ, ನಾಟಕ ನವೆಂಬರಿನಲ್ಲಿ ವಾಷಿಂಗ್‌ಟನ್ನಿನಲ್ಲಿ ಕೊನೆಯುಸಿರೆಳೆಯಿತು. ಬ್ರಾಡ್‌ವೇಯನ್ನು ಅದು ತಲುಪಲೇ ಇಲ್ಲ.

ಅದರಲ್ಲಿದ್ದ ‘ಮೆಡೋಲಾರ್ಕ್’ ಹಾಡನ್ನು ಕಂಡರೆ ಮೆರಿಕ್ಕನಿಗೆ ಆಗುತ್ತಿರಲಿಲ್ಲ. ಉದ್ದವಾಯಿತೆಂದು ಅವನ ಆಕ್ಷೇಪಣೆ. ಒಂದು ದಿನ ವಾದ್ಯಗಾರರ ಪೀಠಗಳಿಂದ ಅದರ ಸ್ವರಲಿಪಿಯ ಹಾಳೆಗಳನ್ನೇ ಎತ್ತಿಸಿಬಿಟ್ಟನೆಂಬ ಕಥೆ ನಾಟಕವಲಯದಲ್ಲಿ ಪ್ರಸಿದ್ಧವಾಗಿದೆ. ಹಾಡು ಉದ್ದವೇನೋ ಹೌದು. ಆದರೆ ಅದರೊಳಗೇ ಒಂದು ಸಂಪೂರ್ಣ ಕಥೆಯಿದೆ. ಇಂಪಾಗಿ ಹಾಡುವ ಒಂದು ಕುರುಡು ಹಕ್ಕಿ. ಅದನ್ನು ಅರಮನೆಗೊಯ್ದು ಮುದ್ದಿನಿಂದ ಸಾಕಿದ ಮುದಿ ದೊರೆ. ಹಾಡು ಕೇಳಿ ಮೆಚ್ಚಿ ಹಕ್ಕಿಗೆ ಕಣ್ಣು ಕೊಟ್ಟು ತನ್ನೊಡನೆ ಹಾರಿಬಾರೆಂದು ಕರೆದ ಸೂರ್ಯದೇವ. ದೊರೆಯ ಪ್ರೀತಿಗೆ ಕಟ್ಟುಬಿದ್ದು ಹಕ್ಕಿ ಹೋಗಲಿಲ್ಲ. ದೊರೆ ಬಂದು ನೋಡಿದಾಗ ಅದು ಸತ್ತು ಬಿದ್ದಿತ್ತು. ಈ ಕಥೆಯನ್ನು ತನಗೆ ತಾನೇ ಹೇಳಿಕೊಳ್ಳುತ್ತ ರೊಟ್ಟಿಗಾರನ ಹೆಂಡತಿ ಹೊಸ್ತಿಲ ಮೇಲೆ ನಿಂತು ತೀರ್ಮಾನಕ್ಕೆ ಬರುತ್ತಾಳೆ. ಮೊದಲಿನ ಅಂಕ ನೋಡದಿದ್ದರೂ ಎಲ್ಲವೂ ತಿಳಿಯುತ್ತದೆ. ನಾಟಕದ ಅಂಗವಾಗಿದ್ದೂ ಅದು ಬಿಡಿಯಾಗಿ ಬದುಕಿದ್ದು ಹೀಗೆ: ತನ್ನ ನಾಟಕವನ್ನು ಅದು ತಾನೇ ಹೊತ್ತುಕೊಂಡಿತ್ತು.

ಆಗ ನಾಯಕಿಯಾಗಿದ್ದ ಪ್ಯಾಟಿ ಲುಪೋನ್ ಹಾಡಿದ ಧ್ವನಿಮುದ್ರಿಕೆ ಕೈಯಿಂದ ಕೈಗೆ ಹೋಯಿತು. ಪಾತ್ರಪರೀಕ್ಷೆಗೆ ಬರುವ ಹುಡುಗಿಯರೆಲ್ಲ ಅದನ್ನೇ ಹಾಡತೊಡಗಿದರು. ಲಂಡನ್ನಿನ ಹೆಸರಾಂತ ನಿರ್ದೇಶಕ ಟ್ರೆವರ್ ನನ್ ಇದನ್ನು ಕೇಳಿ ಕೇಳಿ, ಈ ಹಾಡು ಬಂದ ನಾಟಕವಾದರೂ ಯಾವುದೆಂದು ಕುತೂಹಲಗೊಂಡನಂತೆ. ಹುಡುಕಿ ತೆಗೆದು, ತಿದ್ದಿಸಿ, 1989ರಲ್ಲಿ ಫೀನಿಕ್ಸ್ ರಂಗಮಂದಿರದಲ್ಲಿ ಆಡಿಸಿದ. ಈ ಸಲ ವಿಮರ್ಶಕರು ಹೊಗಳಿದರು. ಟಿಕೆಟ್ಟು ಕೊಳ್ಳುವವರು ಬರಲಿಲ್ಲ. 56 ಪ್ರದರ್ಶನಗಳಿಗೆ ಪುನಃ ಬಾಗಿಲು ಬಿತ್ತು. 2024ರಲ್ಲಿ ಲಂಡನ್ನಿನ ಇನ್ನೊಂದು ಸಣ್ಣ ರಂಗಮಂದಿರದವರು ಅದನ್ನು ಮತ್ತೊಮ್ಮೆ ಎತ್ತಿಕೊಂಡರು. ಪಾತ್ರಪರೀಕ್ಷೆಯ ಕೊಠಡಿಗಳಲ್ಲಿ ಮಾತ್ರ ಆ ಹಾಡಿಗೆ ಅಷ್ಟು ವರ್ಷಗಳೂ ಬಿಡುವೇ ಇರಲಿಲ್ಲ. ಹಾಡಲು ಬಂದ ಹುಡುಗಿಯರಲ್ಲಿ ನಾಟಕವನ್ನು ಕಂಡವರು ವಿರಳ, ಪರೀಕ್ಷಕರಲ್ಲಿಯೂ ಅಷ್ಟೇ.